ಒಂದು ಕುರ್ಚಿಗೆ ಐದೂಕಾಲು ಜನ: ಗಡಿಯಲ್ಲಿ ಕಸ್ಟಂಸ್‌ನವರು ಎಷ್ಟಿರಬೇಕು?

ಪ್ರಶ್ನೆ: ಕಾಸರಗೋಡಿನ ಪೆರ್ಲದ ಹತ್ತಿರ ನಮ್ಮದು ಮೂರು ಎಕರೆ ಅಡಿಕೆ ತೋಟ. ಬರ್ಮಾ ಅಡಿಕೆ ಕಳ್ಳದಾರಿಯಲ್ಲಿ ಬರುತ್ತದೆ, ಅದಕ್ಕೇ ರೇಟು ಬೀಳುತ್ತದೆ ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ಗಡಿಯಲ್ಲಿ ಕಸ್ಟಂಸ್‌ನವರು ಸಾಕಷ್ಟಿಲ್ಲವಂತೆ. ಆದರೆ ಕಳೆದ ತಿಂಗಳು ಮಗ ದುಬೈಯಿಂದ ಬಂದಿಳಿದಾಗ ವಿಮಾನ ನಿಲ್ದಾಣದಲ್ಲಿ ಹತ್ತು ಹನ್ನೆರಡು ಅಧಿಕಾರಿಗಳು ನಿಂತಿದ್ದರಂತೆ. ಒಂದು ಸೂಟ್‌ಕೇಸಿಗೆ ಹತ್ತು ಜನ, ಲಾರಿಗಟ್ಟಲೆ ಅಡಿಕೆಗೆ ಯಾರೂ ಇಲ್ಲ! ಎಲ್ಲಿ ಎಷ್ಟು ಜನ ಇರಬೇಕು ಅಂತ ಲೆಕ್ಕ ಹಾಕುವವರು ಯಾರು? ಎಷ್ಟಿದ್ದರೆ ಸಾಕು? ಇನ್ನೊಂದು, ಮಗಳು ಬಿ.ಕಾಂ. ಮುಗಿಸಿದ್ದಾಳೆ. ಈ ಇಲಾಖೆಗೆ ಸೇರಬಹುದಾ?

ಉತ್ತರ: ನಿಮ್ಮ ಮಗ ಕಂಡ ಆ ಹತ್ತು ಹನ್ನೆರಡು ಜನರಿಂದಲೇ ಶುರು ಮಾಡುತ್ತೇನೆ. ಪಾಸ್‌ಪೋರ್ಟಿಗೆ ಸೀಲ್ ಒತ್ತಿದವರು ಕಸ್ಟಂಸ್ ಅಲ್ಲ, ಇಮಿಗ್ರೇಷನ್‌ನವರು. ಅವರದು ಗೃಹ ಇಲಾಖೆ. ಬಂದೂಕು ಹಿಡಿದವರು ಸಿಐಎಸ್‌ಎಫ್, ನಿಲ್ದಾಣ ಕಾಯುವ ಕೇಂದ್ರದ ಪಡೆ. ಬಿಳಿ ಯೂನಿಫಾರ್ಮ್ ಹಾಕಿದವರು ಮಾತ್ರ ನಮ್ಮ ಕಸ್ಟಂಸ್‌ನವರು. ನಾನೂ ಆ ಇಲಾಖೆಯಲ್ಲಿದ್ದವನೇ. ಅವರನ್ನಷ್ಟೇ ಎಣಿಸಿದ್ದರೆ ನಾಲ್ಕೋ ಐದೋ ಸಿಕ್ಕಿರಬಹುದು. ನಮ್ಮ ಊರಿನಲ್ಲಿ ಈ ಗೊಂದಲ ಹೊಸದೇನಲ್ಲ. ಮಂಜೇಶ್ವರದಲ್ಲಿ ಲಾರಿ ನಿಲ್ಲಿಸುತ್ತಿದ್ದ ತೆರಿಗೆ ಚೆಕ್‌ಪೋಸ್ಟನ್ನು ಕೂಡ ಕೆಲವರು ಕಸ್ಟಂಸ್ ಎಂದೇ ಕರೆಯುತ್ತಿದ್ದರು. ಅದು ರಾಜ್ಯದ ವಾಣಿಜ್ಯ ತೆರಿಗೆಯವರದ್ದು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದ ಮೇಲೆ ಅದಕ್ಕೆ ಕೆಲಸವೇ ಇಲ್ಲದಾಯಿತು. ಕಸ್ಟಂಸ್‌ಗೆ ಗಡಿ ಎಂದರೆ ದೇಶದ ಗಡಿ. ನಮಗೆ ಹತ್ತಿರದ್ದೆಂದರೆ ಒಂದು ಪಶ್ಚಿಮದ ಕಡಲು, ಇನ್ನೊಂದು ವಿಮಾನ ಇಳಿಯುವ ಜಾಗ.

ಈಗ ಲೆಕ್ಕ. ಇಲಾಖೆಯಲ್ಲಿ ಎಷ್ಟು ಹುದ್ದೆ ಇವೆ ಎಂದು ಎಲ್ಲರೂ ಕೇಳುತ್ತಾರೆ. ನಾನು ಸರ್ವಿಸಿನಲ್ಲಿದ್ದಾಗ ಎಣಿಸುತ್ತಿದ್ದದ್ದು ಕುರ್ಚಿಗಳನ್ನು. ಅಧಿಕಾರದ ಕುರ್ಚಿಯಲ್ಲ, ಸುಮ್ನೆ ಒಬ್ಬ ಮನುಷ್ಯ ಹಗಲು ರಾತ್ರಿ ಇರಲೇಬೇಕಾದ ಜಾಗ. ಎಕ್ಸ್‌ರೇ ಯಂತ್ರದ ಪರದೆ ನೋಡುವುದು ಒಂದು ಕುರ್ಚಿ. ಗೇಟಿನಲ್ಲಿ ಲಾರಿಯ ಕಾಗದ ನೋಡುವುದು ಒಂದು ಕುರ್ಚಿ. ವರ್ಷಕ್ಕೆ 8,760 ಗಂಟೆ ಅಲ್ವಾ? ಒಬ್ಬ ಸರ್ಕಾರಿ ನೌಕರ ವಾರಕ್ಕೆ ಐದು ದಿನದಂತೆ ವರ್ಷಕ್ಕೆ 260 ದಿನ ಸಿಗುತ್ತಾನೆ. ಅದರಲ್ಲಿ 17 ಹಬ್ಬದ ರಜೆ, 30 ಗಳಿಕೆ ರಜೆ, 8 ಸಾಂದರ್ಭಿಕ ರಜೆ ಕಳೆಯಿರಿ. ಉಳಿದದ್ದು 205 ದಿನ. ದಿನಕ್ಕೆ ಎಂಟು ಗಂಟೆಯಂತೆ 1,640 ಗಂಟೆ. 8,760ನ್ನು 1,640ರಿಂದ ಭಾಗಿಸಿದರೆ ಐದೂಕಾಲಕ್ಕಿಂತ ಸ್ವಲ್ಪ ಮೇಲೆ ಬರುತ್ತದೆ. ಅಂದರೆ ಒಂದು ಕುರ್ಚಿ ಯಾವ ಹೊತ್ತಿಗೂ ಖಾಲಿ ಬೀಳಬಾರದು ಎಂದರೆ ಐದೂಕಾಲು ಜನ ಬೇಕು. ಜ್ವರ, ತರಬೇತಿ, ಚುನಾವಣಾ ಡ್ಯೂಟಿ ಇದರಲ್ಲಿ ಸೇರಿಲ್ಲ. ‘ಈ ಠಾಣೆಯಲ್ಲಿ ಇಪ್ಪತ್ತು ಜನ ಇದ್ದಾರೆ’ ಎಂದು ಯಾರಾದರೂ ಹೇಳಿದರೆ ನನ್ನ ತಲೆಯಲ್ಲಿ ಅದು ತಾನಾಗಿ ನಾಲ್ಕು ಕುರ್ಚಿಯಾಗುತ್ತದೆ, ಅದೂ ಸರಿಯಾಗಿ ನಾಲ್ಕಿಲ್ಲ.

ಆ ಲೆಕ್ಕವನ್ನು ವಿಮಾನ ನಿಲ್ದಾಣಕ್ಕೆ ಹಾಕಿ ನೋಡಿ. ನಡುರಾತ್ರಿ ಒಂದು ಗಂಟೆಯೊಳಗೆ ಗಲ್ಫ್‌ನಿಂದ ಮೂರು ವಿಮಾನ ಇಳಿದವು ಎನ್ನಿ. ಒಂದೊಂದರಲ್ಲಿ 180 ಜನ, ಒಟ್ಟು 540. ಇಪ್ಪತ್ತರಲ್ಲಿ ಒಬ್ಬರ ಪೆಟ್ಟಿಗೆ ಬಿಚ್ಚಿಸಿದರೂ 27 ಪೆಟ್ಟಿಗೆ. ಒಂದಕ್ಕೆ ಹತ್ತು ನಿಮಿಷ ಹಿಡಿದರೆ 270 ನಿಮಿಷದ ಕೆಲಸ. ಎರಡು ಮೇಜಿದ್ದರೆ ಕೊನೆಯವರು ಎರಡೂಕಾಲು ಗಂಟೆ ಕಾಯಬೇಕು. ನಾಲ್ಕಿದ್ದರೆ ಒಂದು ಗಂಟೆ ಚಿಲ್ಲರೆ. ಆದರೆ ಬೆಳಗ್ಗೆ ಹತ್ತು ಗಂಟೆಗೆ ಅದೇ ನಾಲ್ಕು ಮೇಜಿನಲ್ಲಿ ನೊಣ ಹೊಡೆಯುತ್ತಾ ಕೂರಬೇಕಾಗುತ್ತದೆ. ಸರಾಸರಿ ತೆಗೆದು ಹುದ್ದೆ ಮಂಜೂರು ಮಾಡುವವರಿಗೆ ಈ ಹತ್ತು ಗಂಟೆಯ ಮೇಜು ಕಾಣುತ್ತದೆ, ಆ ನಡುರಾತ್ರಿ ಕಾಣುವುದಿಲ್ಲ.

ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಒಬ್ಬನ ಹತ್ತಿರ ಚಿನ್ನ ಸಿಕ್ಕಿತು ಎನ್ನಿ. ಆ ಕ್ಷಣದಿಂದ ಇಬ್ಬರು ಅಧಿಕಾರಿಗಳು ಆ ಶಿಫ್ಟಿನ ಲೆಕ್ಕದಿಂದ ಹೊರಗೆ. ಪಂಚರನ್ನು, ಅಂದರೆ ಸಾಕ್ಷಿಗಳನ್ನು ಕರೆಸಬೇಕು, ಚಿನ್ನ ಪರೀಕ್ಷಿಸುವವರನ್ನು ಕರೆಸಬೇಕು, ಮಹಜರು ಬರೆಯಬೇಕು, ಹೇಳಿಕೆ ತೆಗೆದುಕೊಳ್ಳಬೇಕು. ಬಂಧಿಸಿದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಅದಕ್ಕೂ ಮೊದಲು ಆಸ್ಪತ್ರೆಯಲ್ಲಿ ತಪಾಸಣೆ. ನಾಲ್ಕು ಜನರ ಶಿಫ್ಟು ಎರಡಕ್ಕೆ ಇಳಿಯಿತು. ಇದನ್ನು ಚಿನ್ನ ಕಳಿಸುವವರೂ ಬಲ್ಲರು. ಒಂದು ಸಣ್ಣ ಮೀನನ್ನು ಬೇಕೆಂದೇ ಬಲೆಗೆ ಬೀಳಿಸಿ, ಮೇಜು ಖಾಲಿಯಾದ ಹೊತ್ತಿಗೆ ದೊಡ್ಡದನ್ನು ದಾಟಿಸುವುದು ಹಳೆಯ ಆಟ.

ಹೆಂಗಸರ ತಪಾಸಣೆಯದ್ದು ಬೇರೆಯೇ ಲೆಕ್ಕ. 1962ರ ಕಸ್ಟಂಸ್ ಕಾಯ್ದೆಯ 102ನೇ ಸೆಕ್ಷನ್ ಪ್ರಕಾರ ಹೆಂಗಸನ್ನು ಹೆಂಗಸೇ ಶೋಧಿಸಬೇಕು. ಅದಕ್ಕೆ ವಿನಾಯಿತಿ ಇಲ್ಲ, ಇರಲೂ ಬಾರದು. ಹಾಗಾಗಿ ಪ್ರತಿ ಶಿಫ್ಟಿನಲ್ಲೂ ಒಬ್ಬ ಮಹಿಳಾ ಅಧಿಕಾರಿ ಇರಲೇಬೇಕು. ಅದೂ ಒಂದು ಕುರ್ಚಿ. ಐದೂಕಾಲು ಜನ ಹೆಂಗಸರು ಬೇಕು. ಎಷ್ಟು ಕಡೆ ಅಷ್ಟಿದ್ದಾರೆ? ನಾನಿದ್ದ ಒಂದು ಕಡೆ ಇದ್ದದ್ದು ಇಬ್ಬರು. ಒಬ್ಬರ ಮಗುವಿಗೆ ಜ್ವರ ಬಂದರೆ ಇನ್ನೊಬ್ಬರು ಎರಡು ರಾತ್ರಿ ಮನೆಗೇ ಹೋಗುತ್ತಿರಲಿಲ್ಲ. ಈ ಮಾತನ್ನು ನೆನಪಿಡಿ, ಮಗಳ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಇನ್ನು ನಿಮ್ಮ ಅಡಿಕೆ. ಭಾರತ ಮತ್ತು ಮ್ಯಾನ್ಮಾರ್ (ನೀವು ಹೇಳುವ ಬರ್ಮಾ) ನಡುವಿನ ಗಡಿ 1,643 ಕಿ.ಮೀ. ಅದರಲ್ಲಿ ಮಿಜೋರಾಂ ಪಾಲು 510 ಕಿ.ಮೀ. ಗುಡ್ಡ, ಬಿದಿರು ಕಾಡು, ಬೇಸಿಗೆಯಲ್ಲಿ ದಾಟಬಹುದಾದ ಹೊಳೆ. ಚಂಫಾಯ್ ಜಿಲ್ಲೆಯ ಜೋಖಾವ್ತಾರ್‌ನಲ್ಲಿ ಕಸ್ಟಂಸ್ ಠಾಣೆ ಇದೆ, ಎದುರಿಗೆ ತಿಯಾವ್ ಹೊಳೆ. ಗಡಿ ಕಾಯುವವರು ಅಸ್ಸಾಂ ರೈಫಲ್ಸ್. ಕಸ್ಟಂಸ್‌ನವರು ಬೇಲಿ ಕಾಯುವ ಕಾವಲುಗಾರರಲ್ಲ. ಸರಕಿನ ಕಾಗದ ನೋಡುವುದು, ಸುಂಕ ಹಾಕುವುದು, ಸಂಶಯ ಬಂದರೆ ಹಿಡಿದು ಕೇಸು ನಡೆಸುವುದು ಅವರ ಕೆಲಸ. ಅಸ್ಸಾಂ, ಮೇಘಾಲಯ, ತ್ರಿಪುರ, ಮಿಜೋರಾಂ, ಮಣಿಪುರ, ನಾಗಾಲ್ಯಾಂಡ್, ಅರುಣಾಚಲ, ಈ ಏಳೂ ರಾಜ್ಯಗಳಿಗೆ ಸೇರಿ ಶಿಲ್ಲಾಂಗ್‌ನಲ್ಲಿ ಒಂದೇ ಪ್ರಿವೆಂಟಿವ್ ಕಮಿಷನರೇಟ್, ಅಂದರೆ ಕಳ್ಳಸಾಗಣೆ ತಡೆಯುವ ಕಸ್ಟಂಸ್ ಕಚೇರಿ. ನಕ್ಷೆ ತೆಗೆದು ಒಮ್ಮೆ ನೋಡಿ, ಸಾಕು.

ಈಶಾನ್ಯದ ಒಂದು ಠಾಣೆಯಲ್ಲಿ ನಾನು ಎರಡು ವರ್ಷ ಇದ್ದೆ. ಹೆಸರು ಬೇಡ. ಒಂದು ರಾತ್ರಿ ಒಂದು ಲಾರಿ ನಿಲ್ಲಿಸಿದೆವು. ನಾನು, ಒಬ್ಬ ಇನ್‌ಸ್ಪೆಕ್ಟರ್, ಒಬ್ಬ ಹವಾಲ್ದಾರ್, ಅಷ್ಟೇ. ಬಿಲ್ಲಿನಲ್ಲಿ ಸ್ಥಳೀಯ ಅಡಿಕೆ ಎಂದು ಬರೆದಿತ್ತು. ಸರಕು ಸಾಗಿಸಲು ಬೇಕಾದ ಇ-ವೇ ಬಿಲ್ ಇತ್ತು, ಜಿಎಸ್‌ಟಿ ನಂಬರ್ ಇತ್ತು. ನಾನು ಚೀಲಕ್ಕೆ ಕೈ ಹಾಕಿದೆ. ಕೈಗೆ ಒಡೆದ ಹೋಳು ಬಂತು, ಇನ್ನೂ ತೇವ ಆರಿಲ್ಲ, ಮೂಗಿಗೆ ಹಿಡಿದರೆ ಹೊಗೆ ವಾಸನೆ. ನಮ್ಮ ಅಂಗಳದಲ್ಲಿ ನಲವತ್ತು ದಿನ ಒಣಗಿದ ಚಾಲಿಯನ್ನು ಕೈಯಲ್ಲಿ ಕುಲುಕಿದರೆ ಟಣಟಣ ಅನ್ನುತ್ತದೆ. ಇದು ಮಣ್ಣಿನ ಹೆಂಟೆಯ ಹಾಗೆ ಸುಮ್ಮನಿತ್ತು. ಅಡಿಕೆ ಸುಲಿಯುತ್ತಾ ಬೆಳೆದವನು ನಾನು, ನನಗೆ ಅನುಮಾನವೇ ಇರಲಿಲ್ಲ. ಆದರೆ ನನ್ನ ಮೂಗು ಕೋರ್ಟಿನಲ್ಲಿ ಸಾಕ್ಷಿಯಾಗುವುದಿಲ್ಲ ಮಾರಾಯ್ರೇ.

ಲಾರಿಯಲ್ಲಿ 200 ಚೀಲ, ಒಂದೊಂದು 80 ಕಿಲೋ. ಹದಿನಾರು ಟನ್. ಇಳಿಸಲು ಆಳಿಲ್ಲ. ಬೆಳಗಾದ ಮೇಲೆ ಪಕ್ಕದ ಹಳ್ಳಿಯಿಂದ ಎಂಟು ಜನ ಬಂದರು. ತೂಕ, ಸ್ಯಾಂಪಲ್, ಸೀಲು, ಮಹಜರು. ಗೋದಾಮು ಸೋರುತ್ತಿತ್ತು, ಟಾರ್ಪಾಲ್ ಹುಡುಕಿಸಿದೆವು. ಮೂರು ದಿನ ನಾವು ಮೂವರೂ ಆ ಒಂದೇ ಲಾರಿಯ ಹಿಂದೆ. ಆ ಮೂರು ದಿನ ರಸ್ತೆಯಲ್ಲಿ ಬೇರೆ ಯಾವ ಲಾರಿ ಹೋಯಿತೋ, ನೋಡಲು ಯಾರೂ ಇರಲಿಲ್ಲ.

ಅಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡಿ. ಸರಕು ಹಿಡಿದ ಆರು ತಿಂಗಳೊಳಗೆ ಶೋಕಾಸ್ ನೋಟಿಸ್ (ಕಾರಣ ಕೇಳುವ ನೋಟಿಸ್) ಕೊಡಬೇಕು. ಮೇಲಿನವರು ಅವಧಿ ವಿಸ್ತರಿಸದಿದ್ದರೆ, ನೋಟಿಸ್ ಇಲ್ಲದ ಸರಕನ್ನು ವಾಪಸ್ ಕೊಡಬೇಕು. ಇದು ಕಾಯ್ದೆಯ 110ನೇ ಸೆಕ್ಷನ್. ಅದಕ್ಕೆ ಬಿಲ್ ಕೊಟ್ಟ ವ್ಯಾಪಾರಿ ನಿಜವಾಗಿ ಇದ್ದಾನಾ, ಅವನಿಗೆ ತೋಟ ಇದೆಯಾ, ಆ ತಾಲೂಕಿನಲ್ಲಿ ಅಷ್ಟು ಅಡಿಕೆ ಬೆಳೆಯುತ್ತದಾ ಎಂದೆಲ್ಲ ಊರೂರು ಸುತ್ತಿ ಕಾಗದ ಒಟ್ಟು ಮಾಡಬೇಕು. ಚಿನ್ನದ ವಿಷಯದಲ್ಲಿ 123ನೇ ಸೆಕ್ಷನ್ ಇಲಾಖೆಯ ಕಡೆಗಿದೆ. ಇದು ಕಳ್ಳಸಾಗಣೆಯದ್ದಲ್ಲ ಎಂದು ತೋರಿಸಬೇಕಾದವನು ಚಿನ್ನ ಇಟ್ಟುಕೊಂಡವನೇ. ಅಡಿಕೆಗೆ ಆ ಅನುಕೂಲ ಇಲ್ಲ. ಇದು ಹೊರದೇಶದ್ದು ಎಂದು ಇಲಾಖೆಯೇ ಸಾಬೀತು ಮಾಡಬೇಕು. ಲ್ಯಾಬ್ ವರದಿ ನೋಡಿ ಅಡಿಕೆ ಯಾವ ದೇಶದ್ದು ಎಂದು ಹೇಳುವುದನ್ನು ಕೋರ್ಟುಗಳು ಒಪ್ಪದ ಉದಾಹರಣೆಗಳಿವೆ. ಆದ್ದರಿಂದ ರಸ್ತೆಯಲ್ಲಿ ನಿಲ್ಲುವ ಒಬ್ಬನ ಹಿಂದೆ ಕಚೇರಿಯಲ್ಲಿ ಕೂತು ಫೈಲು ಕಟ್ಟುವ ಒಬ್ಬನಾದರೂ ಬೇಕು. ಸಿಬ್ಬಂದಿ ಸಾಲದು ಎಂದು ಕೂಗುವವರು ಈ ಎರಡನೆಯವನನ್ನು ಎಣಿಸುವುದೇ ಇಲ್ಲ. ನನ್ನನ್ನು ಕೇಳಿದರೆ ಅಡಿಕೆ ಕೇಸುಗಳು ಸೋಲುವುದು ಗಡಿಯಲ್ಲಲ್ಲ, ಈ ಫೈಲಿನಲ್ಲಿ.

ಹುದ್ದೆ ಎಷ್ಟು ಎಂದು ಠಾಣೆಯವರು ತಾವೇ ತೀರ್ಮಾನ ಮಾಡುವಂತಿಲ್ಲ. ಕಮಿಷನರ್ ಬೇಡಿಕೆ ಬರೆಯುತ್ತಾರೆ. ಅದು ದೆಹಲಿಯ ಪರೋಕ್ಷ ತೆರಿಗೆ ಮತ್ತು ಕಸ್ಟಂಸ್ ಮಂಡಳಿಗೆ ಹೋಗುತ್ತದೆ. ಹೊಸ ಹುದ್ದೆಗೆ ಹಣಕಾಸು ಸಚಿವಾಲಯದ ವೆಚ್ಚ ಇಲಾಖೆ ಒಪ್ಪಬೇಕು. ದೊಡ್ಡ ಬದಲಾವಣೆಯಾದರೆ ಕೇಂದ್ರ ಸಂಪುಟ. 2013ರ ಡಿಸೆಂಬರಿನಲ್ಲಿ ಹಾಗೆಯೇ 18,067 ಹೊಸ ಹುದ್ದೆ ಮಂಜೂರಾದವು. ಕೇಳಿದರೆ ದೊಡ್ಡ ಸಂಖ್ಯೆ. ಆದರೆ ಅದು ಕಸ್ಟಂಸ್, ಎಕ್ಸೈಸ್, ಸರ್ವಿಸ್ ಟ್ಯಾಕ್ಸ್ ಎಲ್ಲ ಸೇರಿ ಇಡೀ ದೇಶಕ್ಕೆ. ಮಂಜೂರಾಗುವುದು ಬೇರೆ, ಭರ್ತಿಯಾಗುವುದು ಬೇರೆ. ವರ್ಷಗಟ್ಟಲೆ ಖಾಲಿ ಬಿದ್ದ ಹುದ್ದೆ ರದ್ದಾದಂತೆ ಎಂಬ ನಿಯಮ ಬೇರೆ ಇದೆ. ಮತ್ತೆ ಜೀವ ಕೊಡಬೇಕಾದರೆ ಪುನಃ ಅದೇ ಬಾಗಿಲು ತಟ್ಟಬೇಕು. ದೂರದ ಗುಡ್ಡದ ಠಾಣೆಗೆ ಹೋಗಲು ಯಾರೂ ಮನಸ್ಸು ಮಾಡುವುದಿಲ್ಲ, ಹುದ್ದೆ ಖಾಲಿ ಬೀಳುತ್ತದೆ, ಖಾಲಿ ಬಿದ್ದದ್ದಕ್ಕೇ ಅಲ್ಲಿ ಅಗತ್ಯವಿಲ್ಲ ಎಂದಾಗುತ್ತದೆ. ಅಮೆರಿಕದ ಗಡಿ ಇಲಾಖೆಯವರು ಇದಕ್ಕೊಂದು ಮಾದರಿ ಮಾಡಿಕೊಂಡಿದ್ದಾರೆ. ಯಾವ ಕೆಲಸಕ್ಕೆ ಎಷ್ಟು ಹೊತ್ತು, ಅಂಥ ಕೆಲಸ ಎಷ್ಟು, ಅದರ ಮೇಲೆ ಎಷ್ಟು ಅಧಿಕಾರಿ ಎಂಬ ಲೆಕ್ಕ. ಆ ಲೆಕ್ಕ ಹಾಕಿದರೂ ಜನ ಕೊಡುವುದು ಬಿಡುವುದು ಅಲ್ಲೂ ಸಂಸತ್ತಿನ ಕೈಯಲ್ಲೇ.

ವಿಮಾನ ನಿಲ್ದಾಣದ ಕಡೆಗೇ ಜನ ಯಾಕೆ ಜಾಸ್ತಿ? ಒಂದನೆಯದು, ಒಂದು ಕಿಲೋ ಚಿನ್ನ ಪೆಟ್ಟಿಗೆಯ ಮೂಲೆಯಲ್ಲಿ ಕೂರುತ್ತದೆ, ಅಷ್ಟು ಬೆಲೆಯ ಅಡಿಕೆಗೆ ಲಾರಿ ಬೇಕು. ಎರಡನೆಯದು, ವಿಮಾನ ಎಷ್ಟು ಹೊತ್ತಿಗೆ, ಎಲ್ಲಿ, ಎಷ್ಟು ಜನರನ್ನು ಇಳಿಸುತ್ತದೆ ಎಂದು ಮೊದಲೇ ಗೊತ್ತು. ಆದರೆ ದೊಡ್ಡ ಕಾರಣ ದುಡ್ಡು. ಖಾಸಗಿಯವರು ಕಂಟೇನರ್ ಡಿಪೋನೋ ಕಾರ್ಗೋ ಶೆಡ್ಡೋ ಕಟ್ಟಿ ನಮಗೂ ಕಸ್ಟಂಸ್ ಬೇಕು ಎಂದು ಬಂದರೆ ಸರ್ಕಾರ ಒಂದು ಷರತ್ತು ಹಾಕುತ್ತದೆ: ಆ ಅಧಿಕಾರಿಗಳ ಖರ್ಚು ನೀವೇ ಕೊಡಿ. ಹುದ್ದೆಯ ಸರಾಸರಿ ಸಂಬಳದ 1.85 ಪಟ್ಟು, ಮೇಲೆ ಭತ್ಯೆಗಳು. ದುಡ್ಡು ಕೊಡುವವನು ಬಾಗಿಲಲ್ಲಿ ನಿಂತಿದ್ದರೆ ಹುದ್ದೆ ಬೇಗ ಹುಟ್ಟುತ್ತದೆ. ತಿಯಾವ್ ಹೊಳೆಯ ದಡದಲ್ಲಿ ನಿಂತು 1.85 ಪಟ್ಟು ಕೊಡುವವರು ಯಾರು? ಪೆರ್ಲದ ಕೃಷಿಕರಾ?

ಹಾಗಾದರೆ ಎಷ್ಟಿದ್ದರೆ ಸಾಕು ಎಂಬ ಪ್ರಶ್ನೆ. 510 ಕಿ.ಮೀ.ಗೆ ಕಿಲೋಮೀಟರಿಗೊಂದು ಕುರ್ಚಿ ಹಾಕಿದರೂ ಮಿಜೋರಾಂ ಒಂದಕ್ಕೇ 2,700 ಜನ ಆಯಿತು. ನಡುವಿನ ಒಂದು ಕಿ.ಮೀ. ಕಾಡಿನಲ್ಲಿ ತಲೆಹೊರೆಯಲ್ಲಿ ದಾಟಿಸಿಬಿಡುತ್ತಾರೆ. ಅದು ಹುಚ್ಚು ಲೆಕ್ಕ. ಗಡಿಯಲ್ಲಿ ಅಡಿಕೆ ಸಾವಿರ ದಾರಿಯಲ್ಲಿ ಬರುತ್ತದೆ, ಆದರೆ ಕಾನ್ಪುರಕ್ಕೋ ನಾಗಪುರಕ್ಕೋ ತಲುಪಬೇಕಾದರೆ ಲಾರಿ ಹತ್ತಲೇಬೇಕು, ಲಾರಿಗೆ ದಾರಿ ಕೆಲವೇ. ಐಜ್ವಾಲ್‌ನಿಂದ ವೈರೆಂಗ್ಟೆ ದಾಟಿ ಅಸ್ಸಾಂನ ಸಿಲ್ಚಾರ್ ಕಡೆಗೆ ಇಳಿಯುವುದು ಮುಖ್ಯ ರಸ್ತೆ. ಆಮೇಲೆ ಈಶಾನ್ಯವನ್ನು ದೇಶದ ಉಳಿದ ಭಾಗಕ್ಕೆ ಸೇರಿಸುವ ಸಿಲಿಗುರಿಯ ಆ ಕಿರಿದಾದ ಪಟ್ಟಿ. ಅದು ಕೆಲವೆಡೆ ಸುಮಾರು 22 ಕಿ.ಮೀ. ಅಗಲವಷ್ಟೇ. 2025ರ ಸೆಪ್ಟೆಂಬರಿನಲ್ಲಿ ಐಜ್ವಾಲ್ ಹತ್ತಿರದ ಸೈರಾಂಗ್‌ಗೆ ರೈಲು ಬಂತು. ಜನರಿಗೆ ಒಳ್ಳೆಯದಾಯಿತು. ನನ್ನಂಥವನಿಗೆ ಮೊದಲು ಹೊಳೆದದ್ದು, ಅಲ್ಲಿ ಇನ್ನೊಂದು ಕುರ್ಚಿ ಬೇಕಲ್ಲ ಎಂದು. ಹೊಳೆಯ ದಡಕ್ಕೆ ಐವತ್ತು ಜನರನ್ನು ಕಳಿಸುವುದಕ್ಕಿಂತ ಈ ಮೂರು ನಾಲ್ಕು ಇಕ್ಕಟ್ಟಿನ ಜಾಗದಲ್ಲಿ ಎರಡೆರಡು ಕುರ್ಚಿ ತುಂಬಿಸಿ, ಪ್ರತಿ ಕುರ್ಚಿಯ ಹಿಂದೆ ಫೈಲು ಕಟ್ಟುವವರನ್ನು ಕೊಡಿ ಎಂದು ನಾನಾದರೆ ಬರೆಯುತ್ತಿದ್ದೆ. ಒಟ್ಟು ಅರವತ್ತು ಎಪ್ಪತ್ತು ಜನ ಆದಾರು. ಇದು ನನ್ನ ಅನುಭವದ ಅಂದಾಜು, ಇಲಾಖೆಯದ್ದಲ್ಲ.

ಯಂತ್ರ ಬಂದರೆ ಜನ ಬೇಡ ಎನ್ನುವವರಿದ್ದಾರೆ. ಬಂದರುಗಳಲ್ಲಿ 2005ರಿಂದ ಕಂಪ್ಯೂಟರೇ ಅಪಾಯ ಅಳೆದು, ಯಾವ ಸರಕನ್ನು ಬಿಚ್ಚಬೇಕು, ಯಾವುದನ್ನು ಬಿಡಬಹುದು ಎಂದು ಹೇಳುತ್ತದೆ. 2020ರಿಂದ ಒಂದು ಊರಿನ ಬಂದರಿಗೆ ಬಂದ ಸರಕಿನ ಕಾಗದವನ್ನು ಇನ್ನೊಂದು ಊರಿನ ಅಧಿಕಾರಿ ಕೂತಲ್ಲೇ ನೋಡುತ್ತಾರೆ. ಇದರಿಂದ ಜನ ಉಳಿದದ್ದು ನಿಜ. ಆದರೆ 2019ರ ಜೂನ್ ಕೊನೆಗೆ ಅಟ್ಟಾರಿ ಗಡಿಯಲ್ಲಿ 600 ಚೀಲ ಕಲ್ಲುಪ್ಪಿನ ನಡುವೆ 532 ಕಿಲೋ ಹೆರಾಯಿನ್ ಸಿಕ್ಕಿದ್ದು ಚೀಲಗಳನ್ನು ಕೈಯಿಂದ ಬಿಚ್ಚಿ ನೋಡಿದಾಗ. ಎಲ್ಲ ಚೀಲದಲ್ಲೂ ಇರಲಿಲ್ಲ, ಕೆಲವೇ ಚೀಲದಲ್ಲಿತ್ತು. ಅಷ್ಟು ಚೀಲ ಬಿಚ್ಚುವ ತಾಳ್ಮೆಗೂ ಜನ ಬೇಕು, ಹೊತ್ತು ಬೇಕು.

ಒಂದು ಕಹಿ ಮಾತು. ಸಿಬ್ಬಂದಿ ಎಷ್ಟೇ ಹಾಕಿದರೂ ಕಳ್ಳಸಾಗಣೆಗೆ ಎಣ್ಣೆ ಹಾಕುವುದು ಲಾಭ. 2023ರ ಫೆಬ್ರವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು (ಇದಕ್ಕಿಂತ ಕಡಿಮೆ ಬೆಲೆಗೆ ಹೊರಗಿನಿಂದ ತರುವಂತಿಲ್ಲ) ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದರು. ಅದರ ಮೇಲೆ ಮೂಲ ಸುಂಕವೇ 100 ಶೇಕಡಾ. ನೇರ ದಾರಿಯಲ್ಲಿ ತಂದರೆ 702 ರೂಪಾಯಿ ದಾಟುತ್ತದೆ. ಈ ಗೋಡೆ ಇರುವುದರಿಂದಲೇ ನಮ್ಮ ತೋಟ ಉಳಿದಿದೆ, ನಾನೂ ಅದು ಬೇಕು ಎನ್ನುವವನೇ. ಆದರೆ ಗೋಡೆ ಎತ್ತರವಾದಷ್ಟೂ ಹಾರಿದವನಿಗೆ ಸಿಗುವ ದುಡ್ಡೂ ಜಾಸ್ತಿ. 2024ರ ಜುಲೈಯಲ್ಲಿ ಚಿನ್ನದ ಸುಂಕವನ್ನು 15ರಿಂದ 6 ಶೇಕಡಾಕ್ಕೆ ಇಳಿಸಿದಾಗ ಕಳ್ಳಚಿನ್ನದ ಲಾಭ ಒಂದೇ ದಿನದಲ್ಲಿ ಕುಗ್ಗಿತು. ಒಬ್ಬ ಹವಾಲ್ದಾರನನ್ನೂ ಹೆಚ್ಚು ಹಾಕದೆ! ಅಡಿಕೆಗೆ ಹಾಗೆ ಮಾಡಿ ಎಂದು ನಾನೂ ಹೇಳಲಾರೆ, ನೀವೂ ಹೇಳಲಾರಿರಿ. ಹಾಗಾಗಿ ನಮಗೆ ಆ ಇಕ್ಕಟ್ಟಿನ ರಸ್ತೆಯ ಕುರ್ಚಿಗಳೇ ಗತಿ.

ಮಗಳ ವಿಷಯ. ಧಾರಾಳವಾಗಿ ಸೇರಬಹುದು. ಡಿಗ್ರಿ ಆಗಿರುವುದರಿಂದ ಸ್ಟಾಫ್ ಸೆಲೆಕ್ಷನ್ ಕಮಿಷನ್ ಪದವೀಧರರಿಗೆ ನಡೆಸುವ ಸಿಜಿಎಲ್ ಪರೀಕ್ಷೆ ಬರೆದು ಇನ್‌ಸ್ಪೆಕ್ಟರ್ ಆಗಬಹುದು. ಅದರಲ್ಲಿ ಪ್ರಿವೆಂಟಿವ್ ಆಫೀಸರ್, ಎಕ್ಸಾಮಿನರ್ ಎಂದು ಬೇರೆ ಬೇರೆ ಹುದ್ದೆಗಳಿವೆ. ಆಯ್ಕೆ ಬರೆಯುವಾಗ ಕಣ್ಣುಬಿಟ್ಟು ನೋಡಲಿ. ಆ ಪರೀಕ್ಷೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಅದರ ಜೊತೆಗೆ ಹವಾಲ್ದಾರ್ ಹುದ್ದೆಗೂ ಅರ್ಜಿ ಹಾಕಿಡಲಿ. ಎಂಟಿಎಸ್ (ಕಚೇರಿಯ ಸಣ್ಣಪುಟ್ಟ ಕೆಲಸದ ಸಿಬ್ಬಂದಿ) ಜೊತೆಗೇ ನಡೆಯುವ ಆ ಪರೀಕ್ಷೆಗೆ ಹತ್ತನೇ ತರಗತಿ ಸಾಕು. 2023ರಿಂದ ಅದನ್ನು ಕನ್ನಡದಲ್ಲೂ ಬರೆಯಬಹುದು. ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಓದಿದ ಎಷ್ಟೋ ಮಕ್ಕಳಿಗೆ ಇದು ಇನ್ನೂ ಗೊತ್ತಿಲ್ಲ. ಹವಾಲ್ದಾರ್‌ಗೆ ಒಂದು ದೈಹಿಕ ಪರೀಕ್ಷೆ ಇದೆ, ಹೆಂಗಸರು 20 ನಿಮಿಷದಲ್ಲಿ ಒಂದು ಕಿ.ಮೀ. ನಡೆಯಬೇಕು. ತೋಟದಿಂದ ಗುಡ್ಡ ಹತ್ತಿ ಪೆರ್ಲ ಪೇಟೆಗೆ ಬಸ್ಸು ಹಿಡಿಯಲು ಓಡುವ ಹುಡುಗಿಗೆ ಅದೇನು ಮಹಾ! ಪೋಸ್ಟಿಂಗ್ ಎಲ್ಲಿಗೆ ಬರುತ್ತದೆ ಎಂದು ಮಾತ್ರ ಕೇಳಬೇಡಿ. ಎಲ್ಲಿಗೆ ಬಂದರೂ, ಅಲ್ಲಿ ಎರಡು ರಾತ್ರಿಯಿಂದ ಮನೆಗೆ ಹೋಗದ ಒಬ್ಬ ಮಹಿಳಾ ಅಧಿಕಾರಿ ಇವಳ ದಾರಿ ಕಾಯುತ್ತಿರುತ್ತಾರೆ.